ಗೇಟಿನಿಂದ ಕರಿಹಲಗೆಯವರೆಗೆ

ಸೆಕ್ಯೂರಿಟಿಯವನಿಗೆ ಕಾನೂನು ಯಾಕೆ? ಗೇಟು ಕಾಯುವ ಕೆಲಸಕ್ಕೆ ಎರಡು ಕಣ್ಣು, ಒಂದು ಲಾಠಿ, ರಾತ್ರಿ ನಿದ್ದೆಗೆಡುವ ಶಕ್ತಿ ಇದ್ದರೆ ಸಾಲದೇ? ಅಂಥವನು ಎಲ್‌ಎಲ್.ಬಿ. ಓದುತ್ತೇನೆ, ಆಮೇಲೆ ಕಾಲೇಜಿನಲ್ಲಿ ನಿಂತು ಪಾಠವನ್ನೂ ಹೇಳುತ್ತೇನೆ ಅಂದರೆ ಅದು ಆಸೆಯೋ ದುರಾಸೆಯೋ?

ಸ್ನೇಹಿತರೆ, ಈ ಪ್ರಶ್ನೆಗಳು ನಾನು ಕಟ್ಟಿದ್ದಲ್ಲ. ಹಾಸ್ಟೆಲಿನ ಊಟದ ಮನೆಯಲ್ಲಿ, ಊರ ಕಟ್ಟೆಯ ಮೇಲೆ, ನೆಂಟರ ಮನೆಯಲ್ಲಿ ಕೇಳಿ ಕೇಳಿ ಸಾಕಾದವು. ಬಿ.ಕಾಂ. ಓದುವ ನಿನಗೆ ಈ ವಿಷಯ ಯಾಕಪ್ಪಾ ಅಂತ ನೀವು ಕೇಳಬಹುದು. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ರಾಯದುರ್ಗದ ಕಡೆಯ ಕನ್ನಡ ಶಾಲೆಯಲ್ಲಿ ನನಗಿಂತ ಆರು ವರ್ಷ ಮುಂದೆ ಓದಿದವನು. ಬಿ.ಎ. ಮುಗಿಸಿದ. ಕೆಲಸ ಸಿಗಲಿಲ್ಲ. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನಿಲ್ಲುತ್ತಾನೆ. ಅವನಿಗೆ ಲಾ ಓದಬೇಕಂತೆ. ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಲೇಖನ.

ಮೊದಲನೆಯದಾಗಿ ಒಂದು ಮಾತು. ಕಾನೂನು ಇರುವುದು ಕೋರ್ಟಿನಲ್ಲಿ, ಕಪ್ಪು ಕೋಟಿನಲ್ಲಿ, ದಪ್ಪ ಪುಸ್ತಕದಲ್ಲಿ ಅಂತ ನಾವು ನಂಬಿದ್ದೇವೆ. ಆದರೆ ಬಡವನೊಬ್ಬ ಕಾನೂನನ್ನು ಮೊದಲು ಕಾಣುವುದು ಎಲ್ಲಿ? ಹೈಕೋರ್ಟಿನ ಮೆಟ್ಟಿಲ ಮೇಲಲ್ಲ. ಕಾರ್ಖಾನೆಯ ಗೇಟಿನಲ್ಲಿ, ಅಂಗಡಿಯ ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನ ಔಟ್‌ಪೋಸ್ಟಿನಲ್ಲಿ. "ಏಯ್, ನಿಲ್ಲು. ಚೀಲದಾಗ ಏನೈತೆ?" ಎಂಬ ಮಾತಿನಲ್ಲಿ. ಅಲ್ಲಿ ಮೊದಲ ಹತ್ತು ನಿಮಿಷ ಏನಾಯಿತು ಎಂಬುದರ ಮೇಲೆ ಆಮೇಲಿನ ಹತ್ತು ವರ್ಷದ ಕೇಸು ನಿಂತಿರುತ್ತದೆ. ಆ ಹತ್ತು ನಿಮಿಷವನ್ನು ಕಣ್ಣಾರೆ ಕಂಡವನು ಸೆಕ್ಯೂರಿಟಿಯವನು. ನ್ಯಾಯಾಧೀಶರಿಗೆ ಅದು ಕಾಗದದ ಮೇಲೆ ಮಾತ್ರ ಗೊತ್ತಾಗುತ್ತದೆ.

ಇದು ನಾನು ಭಾವಾವೇಶದಲ್ಲಿ ಹೇಳುವ ಮಾತಲ್ಲ, ಸರ್ಕಾರವೇ ಒಪ್ಪಿದ ಮಾತು. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ ಬಂದದ್ದು 2005ರಲ್ಲಿ. ಮರುವರ್ಷ ಕೇಂದ್ರ ಸರ್ಕಾರ ಅದಕ್ಕೆ ಮಾದರಿ ನಿಯಮಗಳನ್ನು ಮಾಡಿತು. ಅದರ ಪ್ರಕಾರ ಕಾವಲುಗಾರನಾಗುವವನಿಗೆ 100 ಗಂಟೆ ತರಗತಿಯ ಪಾಠ, 60 ಗಂಟೆ ಹೊರಗಿನ ತರಬೇತಿ, ಕನಿಷ್ಠ 20 ಕೆಲಸದ ದಿನಗಳಲ್ಲಿ ಆಗಬೇಕು. ಸೇನೆಯಿಂದ ಅಥವಾ ಪೊಲೀಸಿನಿಂದ ಬಂದವನಿಗೆ 40 ಗಂಟೆ ಪಾಠ, 16 ಗಂಟೆ ಹೊರಗಿನ ತರಬೇತಿ ಸಾಕು. ಆ ಪಾಠದ ಪಟ್ಟಿಯಲ್ಲಿ ಬೆಂಕಿ ನಂದಿಸುವುದು, ಗುರುತಿನ ಚೀಟಿ ನೋಡುವುದು ಮಾತ್ರವಲ್ಲ, ದಂಡ ಸಂಹಿತೆಯ ಪ್ರಾಥಮಿಕ ಜ್ಞಾನ, ಆತ್ಮರಕ್ಷಣೆಯ ಹಕ್ಕು, ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ ಕೊಡುವ ಕ್ರಮ, ಆಯುಧ ಕಾಯ್ದೆ, ಸ್ಫೋಟಕ ಕಾಯ್ದೆಗಳ ಮುಖ್ಯ ಕಲಮುಗಳು, ಎಲ್ಲ ಇವೆ. ಅಂದರೆ ಏನಾಯಿತು? ಸೆಕ್ಯೂರಿಟಿಯವನು ಕಾನೂನಿನ ವಿದ್ಯಾರ್ಥಿ ಅಂತ ಸರ್ಕಾರವೇ ಬರೆದಿಟ್ಟಿದೆ. ಆದರೆ ಅಣ್ಣನನ್ನು ಕೇಳಿದೆ, "ನಿನಗೆ ಈ ಪಾಠ ಎಷ್ಟು ದಿನ ಆಯಿತು?" ಅವನು ಅಂದ: "ಯೂನಿಫಾರ್ಮಿನ ಅಳತೆ ತೊಗೊಂಡ್ರು. ಅಷ್ಟೇ."

ಈಗ ನಾನು ಕಂಡ ಒಬ್ಬರ ವಿಷಯಕ್ಕೆ ಬರುತ್ತೇನೆ. ಅಕ್ಕ ಭಾವ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿದ್ದಾರೆ. ಮುವ್ವಲವಾನಿಪಾಲೆಂ ಎಂಬ ಹೆಸರನ್ನು ಜನ ಮೊಟಕು ಮಾಡಿ ಎಂವಿಪಿ ಅಂದರು. ಒಂದು ಕಡೆ ಸಮುದ್ರ, ಒಂದು ಕಡೆ ಆಂಧ್ರ ವಿಶ್ವವಿದ್ಯಾಲಯ, ನಡುವೆ ಸೆಕ್ಟರು ಸೆಕ್ಟರುಗಳಾಗಿ ಹರಡಿದ ಮನೆಗಳು, ರೈತ ಬಜಾರು. ಕಳೆದ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಅದೇ ಕಟ್ಟಡದ ಕೆಳಗಿನ ಮನೆಯವರ ಪರಿಚಯವಾಯಿತು. ಅವರ ಹೆಸರು ಬರೆಯುವುದು ಬೇಡ ಅಂತ ಅವರೇ ಹೇಳಿದ್ದಾರೆ. ಕಾಲೋನಿಯ ಹುಡುಗರು ಅವರನ್ನು "ಮಾಸ್ಟಾರು" ಅನ್ನುತ್ತಾರೆ. ಹಿಂದೆ ಅದೇ ಬೀದಿಯಲ್ಲಿ ಅವರನ್ನು "ಸೆಕ್ಯೂರಿಟಿ ಆಯನ" ಅನ್ನುತ್ತಿದ್ದರಂತೆ.

ಅವರು ಹದಿನೈದು ವರ್ಷ ನೌಕಾಪಡೆಯಲ್ಲಿದ್ದವರು. ಬಿಟ್ಟು ಬಂದ ಮೇಲೆ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಆಫೀಸರ್. ಎರಡನೇ ಪಾಳಿ ಹಾಕಿಸಿಕೊಂಡು ಬೆಳಗಿನ ತರಗತಿಗೆ ಹೋಗಿ ಮೂರು ವರ್ಷದ ಎಲ್‌ಎಲ್.ಬಿ. ಮುಗಿಸಿದರು. ಆಮೇಲೆ ಎಲ್‌ಎಲ್.ಎಂ. ಈಗ ವಿಜಯವಾಡದ ಒಂದು ಖಾಸಗಿ ಕಾಲೇಜಿನಲ್ಲಿ ವಾರಕ್ಕೆ ಮೂರು ದಿನ ಪಾಠ. ಪೀರಿಯಡ್ಡಿಗೆ ಇಷ್ಟು ಅಂತ ಸಂಬಳ. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಆರು ಗಂಟೆ ಕೂತು ಹೋಗುತ್ತಾರೆ, ಅಲ್ಲೇ ತಂಗುತ್ತಾರೆ, ವಾಪಸು ಬರುತ್ತಾರೆ. ಈ ಎರಡು ಊರಿನ ನಡುವಿನ ಓಡಾಟ ಹಳೆಯದು ಎಂದು ಅವರೇ ನಗುತ್ತಾ ಹೇಳಿದರು. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ವಾಲ್ಟೇರಿಗೆ ಬಂತು. "ಯೂನಿವರ್ಸಿಟಿಯೇ ಗಂಟುಮೂಟೆ ಕಟ್ಟಿತ್ತು, ನಾನೆಷ್ಟರವನು ಬಾಬು?" ಅಂದರು. ನಮ್ಮ ಗಡಿಯವರಿಗೆ ತೆಲುಗು ಬರುತ್ತದಲ್ಲ, ಹಾಗಾಗಿ ಮಾತು ಸಲೀಸಾಯಿತು.

ಮೊದಲ ದಿನದ ಪಾಠ ಹೇಗೆ ಮಾಡ್ತೀರಿ ಮಾಸ್ಟಾರೂ ಅಂತ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತರಗತಿಗೆ ಹೋದ ಕೂಡಲೇ ಅವರು ಒಂದು ಲೆಕ್ಕ ಕೊಡುತ್ತಾರೆ. ನೀವು ಕಾರ್ಖಾನೆಯ ಗೇಟಿನಲ್ಲಿದ್ದೀರಿ. ಸಂಜೆ ಪಾಳಿ ಬಿಟ್ಟಿದೆ. ಕಸ ಗುಡಿಸುವ ಹೆಂಗಸಿನ ಊಟದ ಚೀಲದಲ್ಲಿ ಅರ್ಧ ಕಿಲೋ ತಾಮ್ರದ ತಂತಿ ಇದೆ ಅಂತ ಅನುಮಾನ. ಈಗ ಏನು ಮಾಡ್ತೀರಿ?

ಹುಡುಗರು ಕೂಡಲೇ ಕಲಮು ಹೇಳುತ್ತಾರೆ. ಕಳ್ಳತನ, ಇಷ್ಟನೇ ಕಲಮು, ಇಷ್ಟು ವರ್ಷ ಶಿಕ್ಷೆ. ಮಾಸ್ಟಾರು ಅನ್ನುತ್ತಾರೆ: ಕಲಮು ಆಮೇಲೆ. ಮೊದಲು ಚೀಲ ಯಾರು ತೆಗೆದು ನೋಡಿದರು? ಮೈ ಮುಟ್ಟಿ ನೋಡಬೇಕಾದರೆ ಅದು ಹೆಂಗಸೇ ಮಾಡಬೇಕು, ಮಾನ ಮರ್ಯಾದೆ ಕಾದು ಮಾಡಬೇಕು ಅಂತ ಪೊಲೀಸರಿಗೇ ಕಾನೂನು ಹೇಳಿದೆ. ಪೊಲೀಸನಲ್ಲದ ನಿಮಗೆ ಆ ಅಧಿಕಾರ ಯಾರು ಕೊಟ್ಟರು? ಅವಳನ್ನು ಎಲ್ಲಿ ಕೂರಿಸಿದ್ದೀರಿ? ಬಾಗಿಲಿಗೆ ಚಿಲಕ ಹಾಕಿದ್ದೀರಾ? ಮನೆಯವರಿಗೆ ಯಾರು ಹೇಳಿದರು? ಅವಳು ಕಂಪನಿಯ ನೌಕರಳೋ, ಗುತ್ತಿಗೆದಾರನ ಕಡೆಯವಳೋ?

ಈ ಕೊನೆಯ ಪ್ರಶ್ನೆ ನನಗೆ ಮೊದಲು ಅರ್ಥವಾಗಲಿಲ್ಲ. ಯಾರ ಕಡೆಯವಳಾದರೇನು, ತಂತಿ ತಂತಿಯೇ ಅಲ್ಲವೇ ಅಂದುಕೊಂಡೆ. ಅವರು ಬಿಡಿಸಿ ಹೇಳಿದರು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕ್ರಿಮಿನಲ್ ಪ್ರೊಸೀಜರ್ ಕೋಡ್ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಈ ಎರಡನೆಯದರ 40ನೇ ಕಲಮಿನಂತೆ ಖಾಸಗಿ ವ್ಯಕ್ತಿಯೂ ಒಬ್ಬನನ್ನು ಹಿಡಿಯಬಹುದು. ಆದರೆ ಯಾವಾಗ? ಅವನ ಕಣ್ಣೆದುರಿಗೇ ಅಪರಾಧ ನಡೆದಿರಬೇಕು. ಅದು ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧವಾಗಿರಬೇಕು, ಜಾಮೀನು ಹಕ್ಕಾಗಿ ಸಿಗದ ಅಪರಾಧವೂ ಆಗಿರಬೇಕು. ಹಿಡಿದ ಮೇಲೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಳೆಯ ಕಾನೂನಿನಲ್ಲಿ "ಅನಾವಶ್ಯಕ ತಡವಿಲ್ಲದೆ" ಅಂತ ಮಾತ್ರ ಇತ್ತು. ಆರು ಗಂಟೆಯ ಗಡುವು ಹೊಸದು.

ಇನ್ನು ಹೊಸ ನ್ಯಾಯ ಸಂಹಿತೆಯ 303ನೇ ಕಲಮು. ಕದ್ದ ಮಾಲು ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದಾದರೆ, ಆ ಕಳ್ಳತನಕ್ಕೆ ವಾರಂಟಿಲ್ಲದೆ ಹಿಡಿಯುವಂತಿಲ್ಲ, ಜಾಮೀನೂ ಸಿಗುತ್ತದೆ. ಮೊದಲ ಸಲ ಶಿಕ್ಷೆಯಾದವನು ಮಾಲು ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ. ಹಾಗಾದರೆ ಅರ್ಧ ಕಿಲೋ ತಂತಿಗೆ ಆ ಹೆಂಗಸನ್ನು ಗೇಟಿನ ಕೋಣೆಯಲ್ಲಿ ಕೂಡಿಹಾಕಿದ ಕಾವಲುಗಾರನೇ ತಪ್ಪಿತಸ್ಥನಾಗಬಹುದು! ಆದರೆ ನೌಕರನು ತನ್ನ ಯಜಮಾನನ ಮಾಲನ್ನು ಕದ್ದರೆ ಅದಕ್ಕೆ ಬೇರೆ ಕಲಮು, 306. ಏಳು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಿನದಲ್ಲ. ಅದಕ್ಕೇ ಮಾಸ್ಟಾರು ಕೇಳಿದ್ದು, ಅವಳು ಯಾರ ನೌಕರಳು ಅಂತ. ಅವಳ ಕೊರಳಿನ ಗುರುತಿನ ಚೀಟಿಯಲ್ಲಿ ಯಾರ ಹೆಸರಿದೆ ಎಂಬುದರ ಮೇಲೆ ಆ ರಾತ್ರಿ ಅವಳು ಮನೆಗೆ ಹೋಗುತ್ತಾಳೋ ಠಾಣೆಗೆ ಹೋಗುತ್ತಾಳೋ ಎಂಬುದು ನಿಂತಿದೆ. ಪುಸ್ತಕ ಓದಿ ಪಾಠ ಹೇಳುವವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ದಿನವೇ, ಮೊದಲ ಪ್ರಶ್ನೆಯಾಗಿಯೇ ಹೊಳೆಯಬೇಕಾದರೆ ಗೇಟಿನಲ್ಲಿ ನಿಂತಿರಬೇಕು.

ಇಂಥವರು ಒಬ್ಬರೇ ಅಂದುಕೊಳ್ಳಬೇಡಿ. ಸ್ವಲ್ಪ ಹಿಂದಕ್ಕೆ ಹೋಗೋಣ. ಕೆ. ಎಫ್. ರುಸ್ತುಂಜಿ ಎಂಬ ಪೊಲೀಸ್ ಅಧಿಕಾರಿ 1950ರ ದಶಕದಲ್ಲಿ ಪ್ರಧಾನಿ ನೆಹರೂ ಅವರ ಮುಖ್ಯ ಭದ್ರತಾ ಅಧಿಕಾರಿಯಾಗಿದ್ದರು. 1965ರಲ್ಲಿ ಗಡಿ ಭದ್ರತಾ ಪಡೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿ ಬಿಹಾರದ ಜೈಲುಗಳನ್ನು ನೋಡಿದರು. ವಿಚಾರಣೆಯೇ ನಡೆಯದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡವರು ಅಲ್ಲಿದ್ದರು. ತಪ್ಪು ಸಾಬೀತಾಗಿ ಶಿಕ್ಷೆಯಾಗಿದ್ದರೆ ಎಷ್ಟು ವರ್ಷ ಆಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದವರೂ ಇದ್ದರು. ರುಸ್ತುಂಜಿ ಕಂಡದ್ದನ್ನು ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ 1979ರ ಹುಸೇನಾರಾ ಖಾತೂನ್ ಪ್ರಕರಣ. ಬೇಗ ವಿಚಾರಣೆಯಾಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಕೋರ್ಟು ಹೇಳಿತು. ಇವತ್ತು ಪ್ರತಿ ಕಾನೂನು ಕಾಲೇಜಿನಲ್ಲೂ ಈ ಪ್ರಕರಣದ ಪಾಠವಿದೆ. ಆದರೆ ಆ ಪಾಠದ ಮೊದಲ ಸಾಲು ಬರೆದದ್ದು ಒಬ್ಬ ಕಾವಲಿನ ಮನುಷ್ಯ ಎಂಬುದನ್ನು ಎಷ್ಟು ಜನ ಹೇಳುತ್ತಾರೆ?

ಇನ್ನೊಬ್ಬರು ಪ್ರಕಾಶ್ ಸಿಂಗ್. ಉತ್ತರ ಪ್ರದೇಶದ ಪೊಲೀಸ್ ಮುಖ್ಯಸ್ಥರಾಗಿದ್ದವರು, ಗಡಿ ಭದ್ರತಾ ಪಡೆಯನ್ನೂ ನಡೆಸಿದವರು. ನಿವೃತ್ತಿಯಾದ ಮೇಲೆ 1996ರಲ್ಲಿ ತಮ್ಮದೇ ಇಲಾಖೆಯನ್ನು ಸುಧಾರಿಸಿ ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಹತ್ತು ವರ್ಷ ಕಾದರು. 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಇರಬೇಕು, ತನಿಖೆ ಬೇರೆ ಬಂದೋಬಸ್ತು ಬೇರೆ ಆಗಬೇಕು ಎಂದೆಲ್ಲ ಏಳು ನಿರ್ದೇಶನಗಳು ಅದರಲ್ಲಿವೆ.

ಇವರಿಬ್ಬರೂ ದೊಡ್ಡ ಅಧಿಕಾರಿಗಳು, ಪಾಠ ಹೇಳುವ ಮೇಷ್ಟರಲ್ಲ ಅಂತ ನೀವು ಆಕ್ಷೇಪಣೆ ಎತ್ತಬಹುದು. ಸರಿ. ಹಾಗಾದರೆ ಅಮೆರಿಕಾದ ಸೆತ್ ಸ್ಟೋಟನ್ ಎಂಬುವರನ್ನು ನೋಡಿ. ಫ್ಲೋರಿಡಾದ ಟ್ಯಾಲಹಾಸಿ ಎಂಬ ಊರಿನಲ್ಲಿ ಐದು ವರ್ಷ ಸಾಧಾರಣ ಪೊಲೀಸಾಗಿ ಗಸ್ತು ತಿರುಗಿದವರು. ಆಮೇಲೆ ಕಾನೂನು ಓದಿದರು. ಈಗ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಪ್ರಾಧ್ಯಾಪಕರು. ಪೊಲೀಸರು ಎಷ್ಟು ಬಲ ಬಳಸಬಹುದು ಎಂಬುದೇ ಅವರ ಅಧ್ಯಯನದ ವಿಷಯ. 2020ರಲ್ಲಿ ಇಬ್ಬರು ಜೊತೆಗಾರರೊಡನೆ ಅದರ ಮೇಲೆ ಪುಸ್ತಕವನ್ನೂ ತಂದರು. ಅದೇ ವರ್ಷ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಮನುಷ್ಯ ಪೊಲೀಸನ ಮಂಡಿಯ ಕೆಳಗೆ ಸತ್ತದ್ದು ನಿಮಗೆ ನೆನಪಿರಬಹುದು. 2021ರ ಏಪ್ರಿಲ್‌ನಲ್ಲಿ ಆ ಪೊಲೀಸನ ವಿಚಾರಣೆ ನಡೆದಾಗ ಸರ್ಕಾರದ ಕಡೆಯಿಂದ ಸಾಕ್ಷಿ ಹೇಳಿದ ತಜ್ಞರಲ್ಲಿ ಸ್ಟೋಟನ್ ಒಬ್ಬರು. ವಿವೇಕವುಳ್ಳ ಯಾವ ಪೊಲೀಸನೂ ಹಾಗೆ ಮಾಡುವುದು ಸರಿ ಅಂತ ತಿಳಿಯುತ್ತಿರಲಿಲ್ಲ ಎಂಬುದು ಅವರ ಸಾಕ್ಷ್ಯದ ತಾತ್ಪರ್ಯ. ಆ ಪೊಲೀಸನಿಗೆ ಶಿಕ್ಷೆಯಾಯಿತು. ಬರೀ ಪ್ರಾಧ್ಯಾಪಕರೊಬ್ಬರು ಈ ಮಾತು ಹೇಳಿದ್ದರೆ "ನಿಮಗೇನ್ರೀ ಗೊತ್ತು ಬೀದಿ ಕಷ್ಟ?" ಅಂತ ಎದುರು ವಕೀಲರು ಬಾಯಿ ಮುಚ್ಚಿಸಬಹುದಿತ್ತು. ಬರೀ ಪೊಲೀಸನೊಬ್ಬ ಹೇಳಿದ್ದರೆ ಅದಕ್ಕೆ ಶಾಸ್ತ್ರದ ಬಲ ಇರುತ್ತಿರಲಿಲ್ಲ. ಎರಡೂ ಆಗಿದ್ದವರ ಮಾತಿಗೆ ತೂಕ ಬಂತು.

ಈಗ ಎದುರು ವಾದವನ್ನೂ ಕೇಳಬೇಕು, ಇಲ್ಲದಿದ್ದರೆ ಅದು ವಿಚಾರವಲ್ಲ, ಪ್ರಚಾರ. ನಮ್ಮ ಸಂಘದ ಮಿತ್ರರೊಬ್ಬರು ಅಂದರು: "ಬೇಲಿಯೇ ಎದ್ದು ಹೊಲ ಮೇಯ್ದ ದೇಶ ಇದು. ಬೇಲಿಯನ್ನು ಕರೆದು ವ್ಯವಸಾಯದ ಪಾಠ ಹೇಳಿಸ್ತೀಯಾ?" ಮಾತು ಚೆನ್ನಾಗಿದೆ. ಸುಳ್ಳೂ ಅಲ್ಲ. ಸುಪ್ರೀಂ ಕೋರ್ಟು 1996ರಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ, ಹಿಡಿದವನ ಹೆಸರು ಎದೆಯ ಮೇಲೆ ಕಾಣುವಂತಿರಬೇಕು, ಹಿಡಿದಾಗ ಕಾಗದ ಬರೆದು ಸಾಕ್ಷಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು ಎಂದು ಸೂಚನೆಗಳನ್ನು ಕೊಡಬೇಕಾಗಿ ಬಂತು. ಠಾಣೆಯೊಳಗೆ ಜನ ಸಾಯುತ್ತಿದ್ದುದರಿಂದಲೇ ಅದು ಬಂದದ್ದು. ಯೂನಿಫಾರ್ಮು ಹಾಕಿದವನಿಗೆ ಹೇಳಿದ್ದನ್ನು ಮಾಡುವ ಅಭ್ಯಾಸವಾಗಿರುತ್ತದೆ, ತಾನು ಹೇಳಿದ್ದನ್ನು ಬೇರೆಯವರು ಮಾಡಬೇಕು ಎಂಬ ಅಭ್ಯಾಸವೂ ಆಗಿರುತ್ತದೆ. ತರಗತಿಯಲ್ಲಿ ಎರಡೂ ನಡೆಯುವುದಿಲ್ಲ. ಕವಾಯತಿನಲ್ಲಿ "ಯಾಕೆ?" ಎಂದವನಿಗೆ ಶಿಕ್ಷೆ. ತರಗತಿಯಲ್ಲಿ "ಯಾಕೆ?" ಅನ್ನದಿದ್ದವನು ದಂಡಪಿಂಡ.

ಆದ್ದರಿಂದ ಕಾವಲಿನಿಂದ ಬಂದವರೆಲ್ಲ ಒಳ್ಳೆಯ ಮೇಷ್ಟರಾಗುತ್ತಾರೆ ಅಂತ ನಾನು ಹೇಳಲಾರೆ. ನನ್ನ ಮಾತು ಇಷ್ಟೇ. ಬೇಲಿ ಎಲ್ಲಿ ಮುರಿದಿದೆ, ಯಾವ ಕಂಡಿಯಲ್ಲಿ ದನ ನುಗ್ಗುತ್ತದೆ ಎಂಬುದು ಬೇಲಿಯ ಪಕ್ಕ ಮಲಗಿದವನಿಗೆ ಗೊತ್ತು. ಅವನು ಅದನ್ನು ಮುಚ್ಚಿಟ್ಟರೆ ಅಪಾಯ. ಓದಿ, ವಿಚಾರ ಮಾಡಿ, ನಾಲ್ಕು ಜನರ ಎದುರು ನಿಂತು ಹೇಳಿದರೆ ಅದರಷ್ಟು ಉಪಯೋಗವಾದ ಪಾಠ ಇನ್ನೊಂದಿಲ್ಲ. ರುಸ್ತುಂಜಿ ಜೈಲಿನ ಗೋಡೆಯ ಒಳಗಿನದನ್ನು ಹೊರಗೆ ಹೇಳಿದರು. ಸ್ಟೋಟನ್ ತಾನು ತೊಟ್ಟಿದ್ದ ಯೂನಿಫಾರ್ಮನ್ನೇ ತೊಟ್ಟವನ ವಿರುದ್ಧ ಹೇಳಿದರು. ಎಂವಿಪಿ ಕಾಲೋನಿಯ ಮಾಸ್ಟಾರು ತಾವು ಹದಿನೆಂಟು ವರ್ಷ ನಿಂತ ಗೇಟನ್ನೇ ಕರಿಹಲಗೆಯ ಮೇಲೆ ಬರೆದು "ಇಲ್ಲಿ ತಪ್ಪು ಏನು?" ಅಂತ ಕೇಳುತ್ತಾರೆ. ತನ್ನ ಹಳೆಯ ಕೆಲಸವನ್ನು ಪ್ರಶ್ನೆ ಮಾಡುವ ಧೈರ್ಯ ಇದ್ದವನಿಗೆ ಮಾತ್ರ ಈ ದಾರಿ. ನಾನು ಹಾಕುವ ಷರತ್ತು ಅದೊಂದೇ.

ಇನ್ನು ಅಸಲು ಸಮಸ್ಯೆಗೆ ಬರೋಣ. ಈ ದಾರಿಯಲ್ಲಿ ಯಾರು ನಡೆಯಬಲ್ಲರು? ವಿಶಾಖಪಟ್ಟಣದ ಹೊರಗೆ ಸಬ್ಬವರದಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಇದೆ. 2008ರ ಕಾಯ್ದೆಯಿಂದ ಆದದ್ದು. ಅದಕ್ಕೆ ದಾಮೋದರಂ ಸಂಜೀವಯ್ಯನವರ ಹೆಸರಿಟ್ಟಿದ್ದಾರೆ. ಕರ್ನೂಲಿನ ಹತ್ತಿರದ ಹಳ್ಳಿಯ ಬಡ ದಲಿತ ಕುಟುಂಬದಲ್ಲಿ ಹುಟ್ಟಿ, ಕಾನೂನು ಓದಿ, 1960ರಲ್ಲಿ ಆಂಧ್ರದ ಮುಖ್ಯಮಂತ್ರಿಯಾದವರು ಅವರು. ಹೆಸರು ಬಹಳ ದೊಡ್ಡದು. ಆದರೆ ಅಲ್ಲಿಯ ಐದು ವರ್ಷದ ಪದವಿಗೆ ಹೋಗಬೇಕಾದರೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷಿನಲ್ಲಿ ಮಾತ್ರ. ಕನ್ನಡದಲ್ಲಿ, ತೆಲುಗಿನಲ್ಲಿ ಹತ್ತನೇ ತರಗತಿ ಓದಿ, ರಾತ್ರಿ ಗೇಟು ಕಾಯುವವನು ಕೋಚಿಂಗ್ ಹುಡುಗರೊಡನೆ ಓಡಬೇಕು.

ಅದು ಬೇಡ, ಡಿಗ್ರಿ ಆದ ಮೇಲಿನ ಮೂರು ವರ್ಷದ ಎಲ್‌ಎಲ್.ಬಿ. ಇದೆಯಲ್ಲ ಅಂದರೆ, ಅಲ್ಲಿ ಬೇರೆ ಬೀಗ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಗಳಂತೆ ವಾರಕ್ಕೆ 30 ಗಂಟೆ ತರಗತಿ ನಡೆಯಬೇಕು, ಹಾಜರಾತಿ ಶೇಕಡಾ 70 ಇರಬೇಕು. ಪೂರ್ತಿ ವಸತಿ ಕಾಲೇಜಲ್ಲದಿದ್ದರೆ ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ತರಗತಿ ಮುಗಿಯಬೇಕು. ಅದೇ ನಿಯಮಗಳಲ್ಲಿ ಮೂರು ವರ್ಷದ ಕೋರ್ಸಿಗೆ 30 ವರ್ಷದ ವಯೋಮಿತಿಯನ್ನೂ ಹಾಕಿದ್ದರು. ಅದನ್ನು ಒಮ್ಮೆ ತೆಗೆದರು, 2016ರಲ್ಲಿ ಮತ್ತೆ ತಂದರು, 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ಮಿತಿ ಇದ್ದಿದ್ದರೆ ಹದಿನೈದು ವರ್ಷ ಸಮುದ್ರದಲ್ಲಿ ಕಳೆದು ಬಂದ ಮನುಷ್ಯ ಅರ್ಜಿಯನ್ನೇ ಹಾಕುವಂತಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸುತ್ತೋಲೆ ಬಂತು. ಕಾನೂನು ವಿದ್ಯಾರ್ಥಿಯು ಓದುವಾಗ ತಾನು ಯಾವ ಕೆಲಸದಲ್ಲೂ ಇಲ್ಲ ಅಂತ, ಇದ್ದರೆ ಯಜಮಾನರ ಒಪ್ಪಿಗೆ ಪತ್ರವಿದೆ ಅಂತ ಬರೆದುಕೊಡಬೇಕು. ಹೆಬ್ಬೆಟ್ಟಿನ ಯಂತ್ರದಲ್ಲಿ ಹಾಜರಾತಿ.

ಹಾಜರಾತಿ ಇಲ್ಲದೆ ಸರ್ಟಿಫಿಕೇಟು ಮಾರುವ ಕಾಲೇಜುಗಳನ್ನು ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಜವಾಗಿ ಓದಬೇಕೆನ್ನುವ ದುಡಿಯುವವನಿಗೆ ಬಾಗಿಲು ಯಾವುದು? ಇಲ್ಲಿ ಒಂದು ತಮಾಷೆ ನೋಡಿ. ವಕೀಲನಾದವನು ತನ್ನ ವೃತ್ತಿಯ ಜೊತೆಗೆ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನಿನ ಪಾಠ ಹೇಳಬಹುದು ಅಂತ 1979ರಿಂದಲೇ ನಿಯಮವಿದೆ. ಕೋರ್ಟಿನಲ್ಲಿ ದುಡಿಯುತ್ತಾ ಪಾಠ ಹೇಳಬಹುದು. ಆದರೆ ಗೇಟಿನಲ್ಲಿ ದುಡಿಯುತ್ತಾ ಪಾಠ ಕೇಳಬೇಕಾದರೆ ಯಜಮಾನನ ಸಹಿ ಬೇಕು! ರಾತ್ರಿ ಹನ್ನೆರಡು ಗಂಟೆ ನಿಲ್ಲಿಸುವ ಯಜಮಾನ ಅಂಥ ಸಹಿ ಯಾಕೆ ಹಾಕುತ್ತಾನೆ? ನಮ್ಮ ಅಣ್ಣ ಕೇಳಿ ನೋಡಿದ. "ಓದೋದಾದ್ರೆ ಕೆಲಸ ಬಿಡು" ಅಂದರಂತೆ.

ಬಿ.ಕಾಂ.ನವನಾದ್ದರಿಂದ ಲೆಕ್ಕ ಹಾಕಿಯೇ ಹೇಳುತ್ತೇನೆ. ವಾರಕ್ಕೆ 30 ಗಂಟೆಯಂತೆ ಮೂರು ವರ್ಷ ಓದುವುದನ್ನು ವಾರಕ್ಕೆ 18 ಗಂಟೆಯಂತೆ ಐದು ವರ್ಷ ಓದಿದರೆ ಒಟ್ಟು ಗಂಟೆ ಅಷ್ಟೇ ಆಗುತ್ತದೆ. ಒಂದು ನಿಮಿಷವೂ ಕಡಿಮೆಯಿಲ್ಲ. ಹಾಜರಾತಿ ಬೇಕಾದರೆ ಶೇಕಡಾ 80 ಮಾಡಲಿ. ಹೊತ್ತನ್ನು ಮಾತ್ರ ದುಡಿಯುವವನಿಗೆ ಹೊಂದಿಸಲಿ. ಇದರಿಂದ ಕಾನೂನಿನ ಮಟ್ಟ ಇಳಿಯುತ್ತದೆ ಎನ್ನುವವರು ಆ ಲೆಕ್ಕವನ್ನು ನನಗೆ ತೋರಿಸಲಿ.

ಪಾಠ ಹೇಳುವ ಕಡೆಗೂ ಒಂದು ಕಿಂಡಿ ತೆರೆದಿದೆ. ಕ್ಷೇತ್ರದಲ್ಲಿ 15 ವರ್ಷ ಅನುಭವವಿದ್ದವರನ್ನು ಪದವಿಯ ಕಟ್ಟುಪಾಡಿಲ್ಲದೆ ಪ್ರಾಧ್ಯಾಪಕರಾಗಿ ಕರೆಯಬಹುದು ಎಂದು ಯು.ಜಿ.ಸಿ. 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಒಟ್ಟು ಹುದ್ದೆಗಳಲ್ಲಿ ಶೇಕಡಾ 10ರವರೆಗೆ ಅವಕಾಶ. ಸಶಸ್ತ್ರ ಪಡೆಗಳ ಹೆಸರೂ ಆ ಪಟ್ಟಿಯಲ್ಲಿದೆ. ಆದರೆ ಹಿರಿಯ ಹುದ್ದೆಯಲ್ಲಿದ್ದವರಿಗೆ ಆದ್ಯತೆ ಅಂತ ಬರೆದಿದ್ದಾರೆ. ಜನರಲ್ ಬರುತ್ತಾರೆ, ಡಿ.ಜಿ.ಪಿ. ಬರುತ್ತಾರೆ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಮೂವತ್ತು ವರ್ಷ ಠಾಣೆಯ ಡೈರಿ ಬರೆದ ಹೆಡ್ ಕಾನ್‌ಸ್ಟೇಬಲ್ಲಿಗೆ ಆ ಕಿಂಡಿಯಿಂದ ಗಾಳಿಯೂ ಬರುವುದಿಲ್ಲ.

ಕಡೆಯದಾಗಿ ಭಾಷೆಯ ಮಾತು. ಮಾಸ್ಟಾರ ಪಾಠದಲ್ಲಿ ಕಲಮು ಇಂಗ್ಲಿಷಿನಲ್ಲಿ, ಕಾರಣ ತೆಲುಗಿನಲ್ಲಿ. "ಗೇಟಿನಲ್ಲಿ ಯಾರೂ ಇಂಗ್ಲಿಷಿನಲ್ಲಿ ಅಳುವುದಿಲ್ಲ ಬಾಬು" ಅಂದರು. ನಾನು ಮೊದಲ ವರ್ಷದ ಬಿ.ಕಾಂ.ನಲ್ಲಿ ವ್ಯವಹಾರ ಕಾನೂನು ಓದಿದೆ. 1872ರ ಕರಾರು ಕಾಯ್ದೆಯ ವ್ಯಾಖ್ಯೆಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಪಾಸಾದೆ. ಅಣ್ಣನ ಕೆಲಸದ ಕರಾರು ಪತ್ರವನ್ನು ಕೈಯಲ್ಲಿ ಹಿಡಿದಾಗ ಮಾತ್ರ ಒಂದೂ ನೆನಪಿಗೆ ಬರಲಿಲ್ಲ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷು. ಇರಲಿ, ಅದು ದೂರದ ಮಾತು. ಆದರೆ ಕರ್ನಾಟಕದ ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಠಾಣೆಯಲ್ಲಿ, ಗೇಟಿನಲ್ಲಿ ನಡೆಯುವುದು ಕನ್ನಡವೇ. ಹಾಗಿರುವಾಗ ಕನ್ನಡದಲ್ಲಿ ಕಾನೂನು ಹೇಳಿಕೊಡುವವರು ಎಲ್ಲಿಂದ ಬರಬೇಕು? ಕನ್ನಡದಲ್ಲಿ ಆ ಕೆಲಸ ಮಾಡಿದವರಿಂದಲೇ ಬರಬೇಕು. "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದು ಕಾನೂನು ಗೊತ್ತಿದ್ದಲ್ಲ, ಅದು ತಮಗೆ ಅರ್ಥವಾಗದ ಭಾಷೆಯಲ್ಲಿ ನಡೆಯುತ್ತಿದ್ದುದರಿಂದ ಎಂದು ನನ್ನ ಅನಿಸಿಕೆ.

ಸ್ನೇಹಿತರೆ, ಬಾರ್ ಕೌನ್ಸಿಲ್ಲು ನಮ್ಮ ಸೈಕ್ಲೋಸ್ಟೈಲ್ ಪತ್ರಿಕೆ ಓದುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ನಮ್ಮ ಕೈಯಲ್ಲಿ ಇರುವುದನ್ನು ನಾವು ಮಾಡಬಹುದು. ನಮ್ಮ ಸಂಘ ವರ್ಷಕ್ಕೆ ನಾಲ್ಕು ಉಪನ್ಯಾಸ ಇಡುತ್ತದೆ. ನಾಲ್ಕಕ್ಕೂ ಸಾಹಿತಿಗಳೇ ಬರುತ್ತಾರೆ. ಅವರಲ್ಲಿ ಮೂವರು ಬರಲಿ, ಸಂತೋಷ. ನಾಲ್ಕನೆಯದಕ್ಕೆ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರನ್ನೋ, ಕಾರ್ಖಾನೆಯ ಸೆಕ್ಯೂರಿಟಿ ಆಫೀಸರ್ ಒಬ್ಬರನ್ನೋ ಕರೆಯೋಣ. ಒಬ್ಬ ಮನುಷ್ಯನನ್ನು ಹಿಡಿದ ಮೊದಲ ಹತ್ತು ನಿಮಿಷದಲ್ಲಿ ಏನೇನಾಗುತ್ತದೆ ಎಂಬುದನ್ನು ಅವರು ಕನ್ನಡದಲ್ಲಿ ಹೇಳಲಿ. ನಾವು "ಯಾಕೆ?" ಅಂತ ಕೇಳೋಣ. ಅವರಿಗೆ ಸಿಟ್ಟು ಬಂದರೆ ಅದೂ ಒಂದು ಪಾಠ. ಬಾರದಿದ್ದರೆ ಅವರು ಮೇಷ್ಟರಾಗಲು ಯೋಗ್ಯರು.

ಕಾರ್ಯದರ್ಶಿಗಳು ದಿನ ಗೊತ್ತುಮಾಡಲಿ. ಭಾನುವಾರವಾದರೆ ಒಳ್ಳೆಯದು, ಅಣ್ಣನಿಗೆ ಅವತ್ತು ರಜೆ, ಅವನೂ ಬರುತ್ತಾನೆ. ಕುರ್ಚಿ ಹಾಕುವ ಕೆಲಸ ನನ್ನದು.